ಹೊಲಿಗೆ ಮಷಿನ್ನು ನಡೆದ ದಾರಿ

ಒಂದು ಕಾಲಕ್ಕೆ ಡ್ರೈವರಣ್ಣನ ಹೊಟ್ಟೆಗೂ ಬಸ್ಸಿನ ಸ್ಟೇರಿಂಗಿಗೂ ನಡುವೆ ಬೆಕ್ಕು ಓಡಾಡುವಷ್ಟು ಜಾಗವಿತ್ತು. ಈಗ ಅಂಗಿಯ ಗುಂಡಿಗಳು ಒಂದೊಂದಾಗಿ ಮನೆ ಬಿಟ್ಟು ಓಡಿಹೋಗಿದ್ದವು. ಒಂದು ಗುಂಡಿಯಂತೂ ಕಿಟಕಿ ದಾಟಿ ಎದುರುಮನೆ ನಾಯಿಗೆ ಬಡಿದು, ಅದು ಮೂರು ದಿನ ಈ ಕಡೆ ತಲೆ ಹಾಕಲಿಲ್ಲ ಎಂದು ಅವನ ಅಕ್ಕ ಬೀದಿಗೆಲ್ಲ ಹೇಳಿದ್ದಳು. ಎಲ್ಲ ಮನಸ್ಸಿನ ಕಾಯಿಲೆಗೆ ನುಂಗುವ ಮಾತ್ರೆಯ ಮಹಿಮೆ.

ಆದರೆ ಆ ಮಾತ್ರೆಯೇ ಅವನ ಜೀವ. ಅದಕ್ಕೆ ಮೊದಲು ಅವನ ತಲೆಯೊಳಗೆ ಐವತ್ತು ಜನ ಒಟ್ಟಿಗೇ ಗಂಟೆ ಎಳೆದು, ನಿಲ್ಲಿಸು, ಹೋಗು, ಗುದ್ದು ಎಂದು ಕಿರುಚುತ್ತಿದ್ದರು. ನಾಲ್ಕು ಬಗೆಯ ಮಾತ್ರೆಗೆ ಜಗ್ಗದವರು ಐದನೆಯದಕ್ಕೆ ಒಬ್ಬೊಬ್ಬರಾಗಿ ಇಳಿದುಹೋದರು. ಬಸ್ಸು ಖಾಲಿ. ಆ ನಿಶ್ಶಬ್ದಕ್ಕಾಗಿ ಅವನು ಇನ್ನೂ ನಲವತ್ತು ಕೇಜಿ ಹೊರಲು ತಯಾರಿದ್ದ.

ಹೀಗಿರುವಾಗ ಆಸ್ಪತ್ರೆಯ ನರ್ಸಮ್ಮ ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಅವನ ಕೈಗಿಟ್ಟಳು. "ದಿನಾ ಐದು ಸಾವಿರ ಹೆಜ್ಜೆ ಹಾಕಿ. ಮೂರು ತಿಂಗಳಲ್ಲಿ ತೂಕ, ಸಕ್ಕರೆ ಇಳೀಲಿಲ್ಲ ಅಂದ್ರೆ ಡಾಕ್ಟರು ಮಾತ್ರೆ ಬದಲಾಯಿಸ್ತಾರೆ."

ಮರುದಿನ ಬೆಳಿಗ್ಗೆ ಅವನು ಬಾಗಿಲ ತನಕ ಹೋದ. ಮಾತ್ರೆಯ ಮಂಪರು ಇಳಿಯುವವರೆಗೆ ಅವನ ಕಾಲುಗಳು ಒದ್ದೆ ಮರಳು ತುಂಬಿದ ಮೂಟೆ. ಹೊಸ್ತಿಲು ದಾಟಲಾಗದೆ ವಾಪಸು ಬಂದು ಅಕ್ಕನ ಮುಂದೆ ಕುಸಿದ. ಅಕ್ಕ ಟೈಲರು, ಬೆಳಿಗ್ಗೆಯಿಂದ ಸಂಜೆ ತನಕ ಮಷಿನ್ನಿನ ಪೆಡಲ್ ತುಳಿಯುವವಳು. ಅವನ ಕಣ್ಣು ಆ ಕಾಲಿನ ಮೇಲೆ ಬಿತ್ತು.

"ಅಕ್ಕಾ, ಇದನ್ನ ನಿನ್ನ ಕಾಲಿಗೆ ಕಟ್ಲಾ?"

"ಕಟ್ಟು. ನಿನ್ನ ಊಟಾನೂ ನಾನೇ ಮಾಡ್ಬಿಡ್ತೀನಿ, ತೂಕಾನೂ ಇಳಿಯುತ್ತೆ."

ಮೂರು ತಿಂಗಳು ಕಳೆದವು. ಅಕ್ಕ ತಮ್ಮ ಇಬ್ಬರೂ ಆಸ್ಪತ್ರೆಗೆ ಹೋದಾಗ ನರ್ಸಮ್ಮ ಅಷ್ಟರಲ್ಲೇ ಇಪ್ಪತ್ತೆಂಟು ಜನರನ್ನು ತೂಗಿ, ಇಪ್ಪತ್ತೆಂಟು ಸಲ ಅದೇ ಮಾತು ಹೇಳಿ, ಬಾಡಿದ ಸೊಪ್ಪಿನಂತಾಗಿದ್ದಳು. ಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು.

"ದಿನಕ್ಕೆ ಮೂವತ್ತು ಸಾವಿರ. ಈ ಲೆಕ್ಕದಲ್ಲಿ ನೀವು ಇಷ್ಟೊತ್ತಿಗೆ ಸಮುದ್ರಕ್ಕೆ ಬಿದ್ದಿರ್ಬೇಕಿತ್ತು. ತೂಕ ನೋಡಿದ್ರೆ ಮೂರು ಕೇಜಿ ಜಾಸ್ತಿ."

"ದಾರೀಲಿ ಗಾಳಿ ಕುಡ್ದು ಊದ್ಕೊಂಡಿರ್ಬೇಕು ಮೇಡಂ," ಎಂದ ಡ್ರೈವರಣ್ಣ.

"ಭಾನುವಾರ ಸೊನ್ನೆ. ದಿನಾ ಮಧ್ಯಾಹ್ನ ಒಂದರಿಂದ ಎರಡರ ತನಕ ಸೊನ್ನೆ. ಯಾರ ಕಾಲು ಇದು?"

ಅಕ್ಕ ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದಳು. "ನಂದು. ಪೆಡಲ್ ತುಳ್ದಿದ್ದು. ಬೈಯೋದಿದ್ರೆ ಇದಕ್ಕೇ ಬೈರಿ."

ಬೈಯಲು ನರ್ಸಮ್ಮನಿಗೆ ತ್ರಾಣವಿರಲಿಲ್ಲ. "ಯಾಕಣ್ಣ ಹೀಗ್ಮಾಡಿದ್ರಿ?"

"ಮಾತ್ರೆ ಕಿತ್ಕೋತೀನಿ ಅಂದ್ರಲ್ಲ. ಇಳಿದೋರೆಲ್ಲ ಮತ್ತೆ ಹತ್ಕೋತಾರೆ. ಇನ್ನೊಂದ್ಸಲ ಆ ಬಸ್ಸು ನನ್ನ ಕೈಲಿ ಓಡ್ಸೋಕಾಗಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಹೆದರಿಸಿದ್ರೆ ನಡೀತಾರೆ ಅಂತ ಎಲ್ರಿಗೂ ಹಾಗೇ ಹೇಳ್ತಿದ್ದೆ. ನಿಮ್ಮನ್ನ ಕೇಳ್ದೆ ಯಾರೂ ಮಾತ್ರೆ ಬದಲಾಯಿಸಲ್ಲ."

"ಹಾಗಂತ ಬರೀರಿ," ಎಂದ ಅವನು.

ಅವಳು ಫೈಲಿನಲ್ಲಿ ಬರೆದಳು. ಅವನು ಎರಡು ಸಲ ಓದಿಸಿಕೊಂಡ.

"ಆದ್ರೆ ಸಕ್ಕರೆ ಸುಳ್ಳು ಹೇಳಲ್ಲ ಅಣ್ಣ. ನಿಮ್ಮ ಕೈಲಿ ಎಷ್ಟು ನಡಿಯೋಕಾಗುತ್ತೆ?"

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಬೆಳಿಗ್ಗೆ ಆಗಲ್ಲ. ನಾಲ್ಕರ ಮೇಲೆ... ಬಸ್‌ಸ್ಟಾಪ್ ತನಕ."

"ಸಾಕು. ಅಷ್ಟೇ ಮಾಡಿ."

ಆ ದಿನವೇ ನಾಲ್ಕು ಗಂಟೆಗೆ ಯಂತ್ರವನ್ನು ತನ್ನ ಕಾಲಿಗೇ ಕಟ್ಟಿಕೊಂಡು ಹೊರಟ. ಬಸ್‌ಸ್ಟಾಪು ಇದ್ದದ್ದು ಹತ್ತು ಮನೆ ಆಚೆ. ಯಾರೋ ಬೀದಿಯನ್ನು ಎರಡೂ ತುದಿ ಹಿಡಿದು ಎಳೆದು ಉದ್ದ ಮಾಡಿದ್ದರು. ದಾರಿಯಲ್ಲಿ ಒಂದು ಬಸವನಹುಳು ಅವನನ್ನು ಹಿಂದೆ ಹಾಕಿ ಹೋಯಿತು. ಬೆಂಚಿನ ಮೇಲೆ ಕೂತ. ಮೂರು ಬಸ್ಸು ಬಂದು ಹೋದವು. ಅವನು ಹತ್ತಲಿಲ್ಲ. ಅವನ ತಲೆಯೊಳಗೂ ಯಾರೂ ಹತ್ತಲಿಲ್ಲ. ಎದ್ದು ಮನೆಗೆ ಬಂದ.

ಅಕ್ಕ ಬಗ್ಗಿ ಯಂತ್ರ ನೋಡಿದಳು. "ಇನ್ನೂರ ನಲವತ್ತು. ಒಂದು ತೋಳು ಹೊಲಿಯೋಕೇ ನಾನು ಇದಕ್ಕಿಂತ ಜಾಸ್ತಿ ತುಳೀತೀನಿ ಕಣೋ."

"ನೀನು ಮೂರು ತಿಂಗಳು ತುಳ್ದು ಕೂತಲ್ಲೇ ಕೂತಿದ್ದೀಯ," ಎಂದ ಅವನು, ಗೋಡೆಗೆ ಒರಗುತ್ತ. "ನಾನು ಬಸ್‌ಸ್ಟಾಪಿಗೆ ಹೋಗಿ ಬಂದೆ."

ಚಪ್ಪಲಿ ಬಿಚ್ಚುವ ಮೊದಲೇ ನಿದ್ದೆ ಹೋಗಿದ್ದ.