ಕುಗ್ಗದ ಬಟ್ಟೆ

ಎಂಟು ಮಿಷನ್ನು, ಎಂಟು ಹೆಂಗಸರು, ಒಂದು ಶಾಲೆಯ ಸಮವಸ್ತ್ರದ ಕೆಲಸ. ಹೊಲಿಗೆಯಕ್ಕನ ಬದುಕು ನಿಂತಿದ್ದು ಇಷ್ಟರ ಮೇಲೆ. ಹೋದ ವರ್ಷ ಮೈದುನ ಕರೆತಂದ ದಲ್ಲಾಳಿಯ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗಿ, ಮಕ್ಕಳ ಚಡ್ಡಿಗಳು ತೊಡೆ ಕಚ್ಚಿ ಹಿಡಿದಿದ್ದವು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಹೆಡ್‌ಮಾಸ್ತರರು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದರು.

ಈ ಸಲವೂ ಮೈದುನ ಅವನನ್ನೇ ಕರೆತಂದ. ಆಳಿಗಿಂತ ಮುಂಚೆ ಅತ್ತರು ಒಳಗೆ ಬಂತು. ಹೆಂಗಸರು ಅವನಿಗೆ ಸೆಂಟು ಎಂದೇ ಹೆಸರಿಟ್ಟಿದ್ದರು.

"ಹಳೇದು ಬಿಡಿ ಅತ್ತಿಗೆ, ಅದು ಮಿಲ್ಲಿನವರ ತಪ್ಪು," ಎಂದ ಮೈದುನ.

"ಮಿಲ್ಲೇನು ನನ್ನ ಕುರ್ಚಿ ಮೇಲೆ ಕೂತು ಆಣೆ ಮಾಡಿತ್ತೇನಪ್ಪ?"

ಅಕ್ಕ ಅದೇ ಬೆಳಿಗ್ಗೆಗೆ ಇನ್ನೊಬ್ಬ ದಲ್ಲಾಳಿಯನ್ನೂ ಕರೆಸಿದ್ದಳು. ಗೊಣಗ ಎಂದು ಪೇಟೆಯಲ್ಲಿ ಹೆಸರಾದವನು. ಅಂಗಿಗೆ ಎರಡು ಗುಂಡಿಯಿಲ್ಲ, ಮುಖದಲ್ಲಿ ನಗೆಯಿಲ್ಲ. ಸಂತೆಯಲ್ಲಿ ದನದ ಹಲ್ಲು ನೋಡುವವಳಂತೆ ಅಕ್ಕ ಇಬ್ಬರನ್ನೂ ನೋಡಿದಳು. ಒಬ್ಬನನ್ನೂ ಮನಸ್ಸು ಒಪ್ಪಲಿಲ್ಲ. ಆದರೆ ಬಟ್ಟೆ ಬೇಕಿತ್ತು.

ಇಬ್ಬರ ಮಾದರಿಯಿಂದಲೂ ಇಪ್ಪತ್ತು ಇಂಚು ಅಳೆದು ಕತ್ತರಿಸಿ, ಬಕೆಟಿನ ನೀರಿನಲ್ಲಿ ಅದ್ದಿ, ಹಿಂಡಿ, ಇಸ್ತ್ರಿಯಲ್ಲಿ ಒಣಗಿಸಿದಳು. ಅವಸರವಿಲ್ಲದೆ ಟೇಪು ಹಿಡಿದಳು. ಗೊಣಗನದು ಒಂದು ಇಂಚು ಕುಗ್ಗಿತ್ತು. ಸೆಂಟಿನದು ಒಂದು ಎಳೆಯಷ್ಟೂ ಕುಗ್ಗಿರಲಿಲ್ಲ.

"ನೋಡಿದ್ರಾ ಅತ್ತಿಗೆ!" ಮೈದುನ ಎದೆಯುಬ್ಬಿಸಿದ.

ಅಕ್ಕ ಸೆಂಟಿನ ಮಾದರಿಯಲ್ಲಿ ಉಳಿದ ಒಣ ಬಟ್ಟೆಯನ್ನು ಬೆರಳ ನಡುವೆ ಉಜ್ಜಿದಳು. ಹೊಸ ಬಟ್ಟೆಗೆ ಮಿಲ್ಲಿನಲ್ಲಿ ಹಾಕುವ ಗಂಜಿಯ ಪುಡಿ ಒಂದಿಷ್ಟೂ ಉದುರಲಿಲ್ಲ.

"ಇದು ಇದಕ್ಕೆ ಎಷ್ಟನೇ ಸ್ನಾನ, ಸ್ವಾಮಿ?"

"ಏನಕ್ಕಾ ಹಾಗಂದ್ರೆ?"

"ಹೊಸ ಹತ್ತಿಬಟ್ಟೆ ನೀರು ಕಂಡ್ರೆ ಚೂರಾದ್ರೂ ಮುದುಡುತ್ತೆ. ಈ ತುಂಡನ್ನ ಮಾತ್ರ ಕುಗ್ಗೋಷ್ಟೂ ನಿಮ್ಮನೇಲೇ ಕುಗ್ಗಿಸಿ, ಇಸ್ತ್ರಿ ಹಾಕಿ ತಂದಿದ್ದೀರಿ. ಮೋಸ ಮಾಡೋಕೆ ಬಂದೋರು ನಾಲ್ಕು ಹನಿ ಗಂಜಿನಾದ್ರೂ ಹಾಕಬಾರದಿತ್ತಾ? ಅಷ್ಟೂ ಕೈಲಾಗಲ್ವಾ?"

ಮಿಷನ್ನುಗಳೆಲ್ಲ ನಿಂತು ಹೆಂಗಸರ ನಗು ಕೇಳಿಸಿತು. ಸೆಂಟು ಚೀಲದ ಬಾಯಿ ಬಿಗಿದು ಹೊರಟ.

"ಅತ್ತಿಗೆ, ನನ್ನ ಮಾನ..."

"ಅವನ ಹಿಂದೇನೇ ಹೋಗು. ಅದೂ ಆ ಚೀಲದಲ್ಲೇ ಇರಬೇಕು."

ಗೊಣಗ ಕೂತಲ್ಲೇ ಆಕಳಿಸಿದ. "ನಂದು ಕುಗ್ಗುತ್ತೆ. ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಿ. ಇಲ್ದಿದ್ರೆ ನನ್ನ ಹತ್ರ ಬಂದು ಅಳಬೇಡಿ."

"ನೀವು ಸತ್ಯವಂತರು ಅಂತ ಆರಿಸ್ತಿಲ್ಲ. ಸುಳ್ಳು ಹೇಳೋಕೂ ಸೋಮಾರಿತನ ನಿಮಗೆ."

"ಏನಾದ್ರೂ ಅಂದ್ಕೊಳ್ಳಿ. ಬಟ್ಟೆ ಥಾನುಗಳನ್ನ ಕಳಿಸ್ಲಾ?"

"ಬೇಡ. ನಿಮ್ಮ ಗೋಡೌನಿಗೆ ನಾನೇ ಬರ್ತೀನಿ. ಒಂದೊಂದು ಥಾನಿನ ಸುರುಳೀನೂ ಪೂರ್ತಿ ಬಿಚ್ಚಿಸಿ, ಒಳತುದಿಯಿಂದ ಕತ್ತರಿಸಿ ನೋಡ್ತೀನಿ."

"ನಂಬಿಕೆ ಇಲ್ಲ?"

"ಇಲ್ಲ."

"ಸರಿ. ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ. ಟೀ ಗೀ ಕೊಡಲ್ಲ."

"ನಿಮ್ಮ ಟೀ ಯಾರಿಗೆ ಬೇಕು," ಎಂದು ಅಕ್ಕ ಬಟ್ಟೆ ನೆನೆಸಲೆಂದು ಹಿತ್ತಲ ತೊಟ್ಟಿ ತೊಳೆಯುವುದಕ್ಕೆ ಇಬ್ಬರು ಹೆಂಗಸರನ್ನು ಎಬ್ಬಿಸಿದಳು.