ಗೋಡೆಯಾಚೆ ಎಸೆದ ಗಂಡುಗಳು

ಹೂಡಿ ಬಡಾವಣೆಯಲ್ಲಿ ನಮ್ಮ ಮನೆ ಓನರ್ ವಸಂತಮ್ಮನಿಗೆ ಮೂರು ಮಹಡಿಯ ಬಾಡಿಗೆ ಬರುತ್ತದೆ. ಆದರೂ ಅವರ ಜೀವವೆಲ್ಲ ಹಿತ್ತಲಿನ ದಂಟಿನ ಸೊಪ್ಪಿನ ಮಡಿಗಳಲ್ಲಿ. ಹೊಲವೆಲ್ಲ ಟೆಕ್ ಪಾರ್ಕಿನ ಪಾಲಾದ ಮೇಲೆ ಅವರಿಗೆ ಉಳಿದ ಮಣ್ಣು ಅದೊಂದೇ. ಅಲ್ಲಿ ತಗಡಿನ ಶೆಡ್ ಹಾಕಿಸಿ ಬಾಡಿಗೆಗೆ ಕೊಡಬೇಕೆಂದು ಗಂಡ ಶ್ಯಾಮಣ್ಣ ಹಟ ಹಿಡಿದಿದ್ದರು. ಆ ಮಳೆಗಾಲ ಬಸವನಹುಳುಗಳು ಬಂದವು, ಶ್ಯಾಮಣ್ಣನ ಮಾತಿಗೆ ಬಲ ಬಂತು.

ಅಂಗೈಯಷ್ಟು ದೊಡ್ಡ ಹುಳುಗಳು. ಬೆಳಗಾಗುವಷ್ಟರಲ್ಲಿ ಎಲೆಯೆಲ್ಲ ಹೋಗಿ ಬರೀ ದಂಟು ನಿಂತಿರುತ್ತಿತ್ತು.

“ಗೌರಿ ಅಬ್ಬದೊಳ್ಗೆ ಒಂದ್ ಕಟ್ಟು ಸೊಪ್ಪು ಕಿತ್ತು ತೋರ್ಸು. ಇಲ್ದಿದ್ರೆ ಶೆಡ್ಡೇಯಾ,” ಎಂದರು ಶ್ಯಾಮಣ್ಣ.

“ತೋರಿಸ್ತೀನಿ,” ಎಂದರು ವಸಂತಮ್ಮ. ಅವರು ಹಾಗೆ ಸಣ್ಣ ದನಿಯಲ್ಲಿ ಹೇಳಿದರೆಂದರೆ ಎದುರಿಗಿದ್ದವರು ಹುಷಾರಾಗಿರಬೇಕು.

ಅಂದಿನಿಂದ ಅವರದು ಇದೇ ಕೆಲಸ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಹುಳು ಸೆಳೆಯಲು ಅಡಿಯಲ್ಲಿ ಪರಂಗಿ ಎಲೆ ಇಡುವುದು. ಬೆಳಿಗ್ಗೆ ಚೀಲ ಎತ್ತಿ ಹುಳು ಆರಿಸುವುದು. ದೊಡ್ಡವು ಉಪ್ಪುನೀರಿನ ಬಕೆಟ್ಟಿಗೆ, ಚಿಕ್ಕವು ಗೋಡೆಯಾಚೆಯ ಖಾಲಿ ಸೈಟಿಗೆ. ವಾರಗಟ್ಟಲೆ ಸೊಂಟ ಮುರಿದುಕೊಂಡರೂ ಹುಳು ಕಡಿಮೆಯಾಗಲೇ ಇಲ್ಲ.

ನಾನು ನೀಲಾಂಬಿಕಾ, ವಿಜಯಪುರದ ಕಡೆಯವಳು. ಇಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಹಾಗಾಗಿ ಬಾಯಿ ಸುಮ್ಮನಿರುವುದಿಲ್ಲ. ಒಂದು ಭಾನುವಾರ ಬಟ್ಟೆ ಒಗೆಯುತ್ತಾ ಕೇಳಿಯೇಬಿಟ್ಟೆ. “ಅಕ್ಕಾರ, ಸಣ್ಣವನ್ನ ಯಾಕ ಆ ಕಡೆ ಒಗೀತೀರಿ?”

“ಅವು ಗಂಡು ಕಣೇ. ಮೊಟ್ಟೆ ಇಕ್ಕೋ ಎಣ್ಣು ಸತ್ರೆ ಸಾಕಲ್ವಾ? ಗಂಡುಗಳನ್ನ ಕೊಂದು ಪಾಪ ಯಾಕ್ ಕಟ್ಕೊಳ್ಳಿ?”

ನಗು ಬಂತು, ಅದರ ಹಿಂದೆಯೇ ಸಂಕಟವೂ ಆಯಿತು. ಬಕೆಟ್ಟಿನಿಂದ ಸತ್ತ ಹುಳುವೊಂದನ್ನು ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟು ಚಿಪ್ಪು ಒಡೆದೆ. ಎಲ್ಲಿ ಹುಡುಕಿದರೂ ಒಂದು ಎಲುಬಿಲ್ಲ. ಉದ್ದನೆಯ ಕೊಂಬಿನ ತುದಿಯಲ್ಲಿ ಕಣ್ಣು, ಬಲಗಡೆ ಉಸಿರಾಡುವ ತೂತು, ಬಾಯೊಳಗೆ ಅರದಂಥ ನಾಲಿಗೆ. ಆ ನಾಲಿಗೆಯನ್ನು ಬೆರಳಿಂದ ಮುಟ್ಟಿದ ವಸಂತಮ್ಮ, “ಇದೇನಾ ನನ್ ಸೊಪ್ಪು ತಿಂದಿದ್ದು?” ಎಂದರು.

“ಹೌದ್ರಿ. ಆದ್ರ ಇದಕ್ಕ ಗಂಡು, ಹೆಣ್ಣು ಅಂತ ಬ್ಯಾರೆ ಇಲ್ರಿ. ಎರಡೂ ಒಂದರೊಳಗ ಅದಾವ. ನೀವು ಒಗೆದ ಸಣ್ಣವೂ ಬೆಳೆದು ತತ್ತಿ ಇಡ್ತಾವ.”

ಅವರು ಗೋಡೆಯ ಕಡೆ ನೋಡಿದರು. “ಅಂಗಾದ್ರೆ ನಾನೇ ಸಾಕ್ದೆ ಅನ್ನು.”

ಹೇಳಿ ತಪ್ಪು ಮಾಡಿದೆನೇನೋ ಅಂದುಕೊಳ್ಳುವಷ್ಟರಲ್ಲಿ ಆ ಹೆಂಗಸು ಸೆರಗು ಸಿಕ್ಕಿಸಿ, ಸ್ಟೂಲು ಹತ್ತಿ, ಕಳೆ ಕೀಳುವ ಕುರ್ಪಿಯ ಸಮೇತ ಗೋಡೆಯಾಚೆ ಇಳಿದಿದ್ದರು. ನಾನೂ ಹಿಂದೆಯೇ ಹೋದೆ. ಗೋಡೆಯ ಬುಡ ಕೆದಕಿದರೆ ನೆನೆಸಿದ ಸಬ್ಬಕ್ಕಿಯ ಹಾಗೆ ರಾಶಿ ಮೊಟ್ಟೆ. ಇನ್ನೊಂದು ಕಡೆ ಕೆದಕಿದರೆ ಅಲ್ಲೂ ಅದೇ.

ಶ್ಯಾಮಣ್ಣ ಗೋಡೆಗೆ ಮೊಣಕೈ ಊರಿ ಇಣುಕಿದರು. “ಏನೇ, ನಿನ್ ಗಂಡುಗಳು ಮೊಟ್ಟೆ ಇಟ್ವಾ?”

ವಸಂತಮ್ಮ ಸೊಂಟ ನೆಟ್ಟಗೆ ಮಾಡಿದರು. “ಇವು ಒಂದೊಂದೂ ಗಂಡಿನ ಕೆಲ್ಸಾನೂ ಮಾಡ್ತವೆ, ಎಣ್ಣಿನ ಕೆಲ್ಸಾನೂ ಮಾಡ್ತವೆ. ನೀವು ಒಂದಾದ್ರೂ ಮಾಡಿ. ಇಳೀರಿ ಕೆಳಕ್ಕೆ.”

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಬಾಡಿಗೆದಾರಳ ಮುಂದೆ ಮರ್ಯಾದೆ ಹೋದಮೇಲೆ ಇನ್ನೇನು? ಪಂಚೆ ಎತ್ತಿ ಕಟ್ಟಿ ಇಳಿದರು.

ಮೊದಮೊದಲು ಗೊಣಗುತ್ತಲೇ ಮೊಟ್ಟೆ ಕೆದಕಿ ಉಪ್ಪುನೀರಿಗೆ ಹಾಕಿದರು. ಆಮೇಲೆ ನಾವು ಕರೆಯುವ ಮೊದಲೇ ಸೈಟಿನಲ್ಲಿ ಹಾಜರು. ಒದ್ದೆ ಇಟ್ಟಿಗೆಯ ಅಡಿ, ಚರಂಡಿಯ ಅಂಚು, ಹಳೇ ತೆಂಗಿನ ಗರಿಯ ಕೆಳಗೆ ಎಂದು ನಮಗೇ ಜಾಗ ತೋರಿಸತೊಡಗಿದರು. ಇತ್ತ ಬೋಳು ದಂಟುಗಳ ಗೆಣ್ಣಿನಲ್ಲಿ ಚಿಗುರು ಮೂಡಿತು. ಆದರೆ ಗೌರಿ ಹಬ್ಬದ ಹಿಂದಿನ ದಿನ ಬಂದರೂ, ಇದ್ದದ್ದೆಲ್ಲ ಕಿತ್ತರೆ ಕಟ್ಟಿರಲಿ, ಒಂದು ಹಿಡಿಯೂ ಆಗುವಷ್ಟಿರಲಿಲ್ಲ. ವಸಂತಮ್ಮ ಆ ಬೆಳಿಗ್ಗೆಯೂ ನನ್ನೊಂದಿಗೆ ಕುರ್ಪಿ ಹಿಡಿದು ಮಡಿ ಕೆದಕುತ್ತಿದ್ದರು.

ಶೆಡ್ಡಿನವನು ಟೇಪು ಹಿಡಿದು ಹಿತ್ತಲಿಗೆ ಬಂದ. “ಶ್ಯಾಮಣ್ಣ, ಅಳತೆ ತಗೊಳ್ಳಾ?”

ವಸಂತಮ್ಮನ ಕೈ ನಿಂತಿತು. ನನ್ನದೂ.

ಗೋಡೆಯಾಚೆ ಬಗ್ಗಿದ್ದ ಶ್ಯಾಮಣ್ಣ ತಲೆಯನ್ನೂ ಎತ್ತಲಿಲ್ಲ. “ಈಗ ಪುರುಸೊತ್ತಿಲ್ಲ ಕಣಪ್ಪ, ಇನ್ನೂ ಆ ಮೂಲೆ ಬಾಕಿ ಐತೆ. ನೋಡ್ಕೊಂಡು ಓಗು, ಸೊಪ್ಪು ತುಳಿದ್ಬಿಟ್ಟೀಯ!”