ಸತ್ತೆವ್ವ ಪಾಳಣಾಘರಕ್ಕೆ ಹೋದದ್ದು

ಭೋಜ ಊರಿನ ಬಸ್ಸು ನಿಂತಾಗ ಹೊತ್ತು ಮುಳುಗುತ್ತಿತ್ತು. ಹೊಳೆವ್ವ ಡಬ್ಬಿ ಹಿಡಿದು ಇಳಿದವಳೇ ಉಳಿದ ಹೆಣ್ಣುಮಕ್ಕಳಿಗಿಂತ ಮುಂದೆ ನಡೆದಳು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಆ ದೊಡ್ಡ ಗೋದಾಮಿನಲ್ಲಿ, ದಿನವಿಡೀ ಜರಡಿ ಆಡಿಸಿ ತೋಳು ಸೋತಿದ್ದವು. ಕಾಲಿಗೆ ಮಾತ್ರ ಮನೆಯ ಅವಸರ.

ಅಂಗಳದಲ್ಲಿ ಮಗಳು ಭೀಮಿ ಕುರಿಮರಿಯ ಬೆನ್ನು ಸವರುತ್ತಿದ್ದಳು. ಇನ್ನೂ ಮೂರು ತುಂಬದ ಕೂಸು. ಹೊಳೆವ್ವ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈ ಚಾಚಿದಳು.

"ಬಾ ನನ ಬಂಗಾರ."

ಭೀಮಿ ಎದ್ದು ಬಂದಳು. ಹತ್ತಿರ ಬಂದವಳು ತಂಬಾಕಿನ ಘಾಟಿಗೆ ಮೂಗು ಮುಚ್ಚಿಕೊಂಡು ತಿರುಗಿದಳು. "ಅವ್ವಾ, ಹೊಳೆವ್ವ ಬಂದ್ಳು!" ಎಂದು ಕೂಗುತ್ತ ಒಳಗೆ ಓಡಿ ಸತ್ತೆವ್ವನ ಸೆರಗಿನೊಳಗೆ ಸೇರಿಕೊಂಡಳು.

ಸತ್ತೆವ್ವ ಹೊಳೆವ್ವನ ನೆಗೆಣ್ಣಿ, ಗಂಡನ ಅಣ್ಣ ಮಾಳಸಿದ್ದನ ಹೆಂಡತಿ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆ ಆಕೆ ನಕ್ಕಳು. "ಮನಿ ಮಂದಿ ಕರದಂಗ ಅದೂ ಕರೀತೈತಿ. ದೊಡ್ಡಾಕಿ ಆದ ಮ್ಯಾಲ ತಿಳೀತೈತಿ ಬಿಡು."

ಆ ನಗೆ ಹೊಳೆವ್ವನ ಮೈಯೆಲ್ಲ ಉರಿಸಿತು. ಮಗಳಿಗೆ ಯಾವ ಪಲ್ಯ ಸೇರುತ್ತದೆ, ಯಾವ ಹಾಡಿಗೆ ನಿದ್ದೆ ಹತ್ತುತ್ತದೆ, ಹಲ್ಲು ನೋಯುವಾಗ ಯಾವ ಕಡೆ ಮಲಗುತ್ತಾಳೆ, ಎಲ್ಲವೂ ಸತ್ತೆವ್ವನಿಗೆ ಗೊತ್ತು. ಹೆತ್ತವಳು ಕೇಳಿ ತಿಳಿದುಕೊಳ್ಳಬೇಕು.

ಆದರೆ ಕೂಸನ್ನು ಸತ್ತೆವ್ವ ಕಸಿದುಕೊಂಡಿರಲಿಲ್ಲ. ಹೊಲ ಸಣ್ಣದು, ಕುರಿಗಳೂ ಹೆಚ್ಚಿಲ್ಲ. ಮನೆಯ ಒಬ್ಬ ಹೆಂಗಸು ವಖಾರಿಗೆ ಹೋಗಬೇಕೆಂದು ಅಣ್ಣತಮ್ಮಂದಿರು ಮಾತಾಡಿಕೊಂಡಾಗ ಚುರುಕಿನವಳೆಂದು ಹೊಳೆವ್ವನನ್ನು ಕಳಿಸಿದ್ದರು. ಅತ್ತೆ ಲಗಮವ್ವನಿಗೆ ಲಕ್ವಾ ಹೊಡೆದು ಎಡಮೈ ಬಿದ್ದುಹೋಗಿತ್ತು. ಆಕೆಯನ್ನು ಎತ್ತುವುದು, ತೊಳೆಯುವುದು, ಉಣಿಸುವುದು, ಅದರ ಜೊತೆಗೆ ಭೀಮಿ, ಸಾಲಿಗೆ ಹೋಗುವ ತನ್ನ ಇಬ್ಬರು ಹುಡುಗರು, ಒಲೆ, ನೀರು, ಹಟ್ಟಿ ಎಲ್ಲ ಸತ್ತೆವ್ವನ ಪಾಲಿಗೆ. ಅದನ್ನು ಯಾರೂ ಕೆಲಸವೆಂದು ಕರೆಯುತ್ತಿರಲಿಲ್ಲ. "ಸತ್ತೆವ್ವ ಮನ್ಯಾಗ ಇರ್ತಾಳ" ಎನ್ನುತ್ತಿದ್ದರು, ಅಷ್ಟೇ.

ಆ ವರ್ಷ ದೀಪಾವಳಿ ಕಳೆದ ಮೇಲೆ ನಿಪ್ಪಾಣಿಯ ವಖಾರಿ ಹೆಂಗಸರ ಸಂಘದವರು ಒಂದು ಪಾಳಣಾಘರ ತೆರೆದರು. ದುಡಿಯಲು ಬಂದವರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವ ಎರಡು ಕೋಣೆಯ ಮನೆ, ವಖಾರಿಯ ಹಿಂದಿನ ಓಣಿಯಲ್ಲೇ. ಅದನ್ನು ನಡೆಸುತ್ತಿದ್ದವಳು ಸಕ್ಕುಬಾಯಿ. ತಾನೂ ತಂಬಾಕಿನ ಧೂಳು ಕುಡಿದು ಕುಡಿದು ದಮ್ಮು ಹತ್ತಿ ಕೆಲಸ ಬಿಟ್ಟವಳು.

ಸುದ್ದಿ ಕೇಳಿದ ದಿನವೇ ಹೊಳೆವ್ವ ಮನೆಯಲ್ಲಿ ಹೇಳಿದಳು: "ನಾಳಿಯಿಂದ ಭೀಮೀನ್ನ ಕರಕೊಂಡ ಹೊಕ್ಕೇನಿ. ಅಲ್ಲಿ ಹಾಲು ಕೊಡ್ತಾರ, ಹಾಡು ಕಲಸ್ತಾರ."

"ಇಲ್ಲೇನ ಹಾಲು ಕಡಿಮಿ ಆಗೈತಿ?" ಎಂದಳು ಸತ್ತೆವ್ವ.

"ನಿಮಗೂ ಹೊರಿ ಇಳದಂಗ ಆಕ್ಕೈತಿ ಅಕ್ಕಾ."

ಹೊರೆ ಇಳಿಸಲು ಹೊಳೆವ್ವ ಹಾಗೆ ಮಾಡಲಿಲ್ಲ. ಮಗಳು ಆ ಸೆರಗು ಮರೆಯಬೇಕಿತ್ತು. ಸತ್ತೆವ್ವನಿಗೂ ಅದು ತಿಳಿಯಿತು. ಮರುದಿನ ಬೆಳಿಗ್ಗೆ ಭೀಮಿಯ ತಲೆಗೆ ಎಣ್ಣೆ ಹಚ್ಚಿ, ರೊಟ್ಟಿಯನ್ನು ಹಾಲಿನಲ್ಲಿ ನಾದಿ ಡಬ್ಬಿಗೆ ತುಂಬಿ ಕೊಟ್ಟಳು. ಬಾಗಿಲತನಕ ಬರಲಿಲ್ಲ.

ಪಾಳಣಾಘರದಲ್ಲಿ ಭೀಮಿ ಉಣ್ಣಲಿಲ್ಲ, ಮಲಗಲಿಲ್ಲ. ಬಾಗಿಲ ಕಂಬ ಹಿಡಿದು "ಅವ್ವಾ, ಅವ್ವಾ" ಎಂದು ಅತ್ತಳು. ಮರುದಿನವೂ ಅದೇ. ಸಕ್ಕುಬಾಯಿ ಕೊನೆಗೆ ವಖಾರಿಗೆ ಹೇಳಿಕಳಿಸಿದಳು. ಹೊಳೆವ್ವ ಮೇಲ್ವಿಚಾರಣೆಯ ಮುಕಾದಮನ ಕೈಕಾಲು ಹಿಡಿದು, ಧೂಳು ಝಾಡಿಸಿಕೊಳ್ಳದೆ ಓಡಿಬಂದಳು.

"ಬಂದ್ಳ ನೋಡ ನಿಮ್ಮವ್ವ!" ಎಂದು ಸಕ್ಕುಬಾಯಿ ಕೂಸನ್ನು ಮುಂದೆ ಮಾಡಿದಳು.

ಭೀಮಿ ಹೊಳೆವ್ವನನ್ನು ನೋಡಿ ಇನ್ನೂ ಜೋರಾಗಿ ಅತ್ತಳು. "ಇಕಿ ಅಲ್ಲ! ಅವ್ವನ್ನ ಕರೀ!"

ಹಾಲುಣಿಸಲು ಬಂದಿದ್ದ ನಾಲ್ಕಾರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೊಳೆವ್ವನಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು.

"ಯಾರವಾ ಅಕಿ?" ಎಂದು ಸಕ್ಕುಬಾಯಿ ಮೆಲ್ಲಗೆ ಕೇಳಿದಳು.

"ನನ್ನ ನೆಗೆಣ್ಣಿ. ಅಕೀನ ಜ್ವಾಕಿ ಮಾಡ್ಯಾಳ."

"ಕೂಸು ಇಷ್ಟು ಜೀವಾ ಬಿಡ್ತೈತಿ ಅಂದ್ರ ಅಕಿ ಕೈಯಾಗ ಏನೋ ಐತಿ. ನನಗೊಬ್ಬಾಕೀಗಿ ಇಲ್ಲಿ ನೀಗಾಂಗಿಲ್ಲ. ಇನ್ನೊಬ್ಬಾಕೀನ್ನ ಪಗಾರದ ಮ್ಯಾಲ ತಗೊಳ್ಳವ್ರ ಅದೇವಿ. ಅಕೀನ್ನ ಕರಕೊಂಡ ಬಾ."

"ಅಕೀಗಿ ಆಗಾಂಗಿಲ್ರಿ" ಎಂದು ಹೊಳೆವ್ವ ತಟ್ಟನೆ ಹೇಳಿದಳು. "ಅತ್ತಿ ಹಾಸಿಗಿ ಹಿಡದಾಳ. ಮನಿ ಬಿಟ್ಟು ಹೊರಬೀಳಾಂಗಿಲ್ಲ."

ಸುಳ್ಳೇನಲ್ಲ. ಆದರೆ ಮನೆಗೆ ಬಂದು ಆ ಮಾತನ್ನು ಆಕೆ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಕೂಸು ಸತ್ತೆವ್ವನದಾಗಿತ್ತು. ಪಾಳಣಾಘರದಲ್ಲೂ ಆಕೆಯೇ ಬಂದು ಕುಳಿತರೆ ತನಗೆ ಉಳಿಯುವುದೇನು?

ಭೀಮಿಯ ಅಳು ನಿಲ್ಲದ್ದು ಕಂಡು, ವಖಾರಿಗೆ ರಜೆ ಇದ್ದ ದಿನ ಸಕ್ಕುಬಾಯಿ ತಾನೇ ಬಸ್ಸು ಹತ್ತಿ ಭೋಜಕ್ಕೆ ಬಂದಳು. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು ಸತ್ತೆವ್ವನನ್ನು ನೇರವಾಗಿ ಕೇಳಿದಳು: "ನಿಮ್ಮ ಹೊಳೆವ್ವ ನಿಮಗ ಪುರಸತ್ತಿಲ್ಲ ಅಂದ್ಳ. ಪಾಳಣಾಘರದಾಗ ಪಗಾರದ ಕೆಲಸ ಐತಿ, ಖರೇನ ಬರಾಂಗಿಲ್ಲೇನ್ರಿ ನೀವು?"

ಸತ್ತೆವ್ವ ಹೊಳೆವ್ವನ ಕಡೆ ತಿರುಗಿದಳು. "ನನ್ನ ಕೇಳಲಾರ್ದ ಅಂದಿ?"

ಹೊಳೆವ್ವ ಚಹಾದ ಬಟ್ಟಲು ಎತ್ತಲು ಬಗ್ಗಿದಳು.

"ಕೂಸು ಬಿಡಿಸಿದಿ, ಸುಮ್ಮನಿದ್ನಿ. ಹಡದಾಕಿ ನೀ. ಬರೂ ಪಗಾರಾನೂ ಬಿಡಿಸೂದಾ?" ಸತ್ತೆವ್ವನ ದನಿ ಏರಿತು. "ದಿನಾ ಸಂಜಿಗೆ ನೀ ಬಸ್ ಇಳದು ಬರೂದ ನೋಡಿ ನನ್ನ ಹೊಟ್ಟಿ ಹೆಂಗ ಉರೀತಿತ್ತ ಗೊತ್ತೈತೇನ? ಮೈದುನ ನಿನ್ನ ಕೇಳಿ ಸಂತಿ ಮಾಡ್ತಾನ. ಅತ್ತಿ ಬಂದವರ ಮುಂದ ನಿನ್ನ ಹೆಸರು ಹೇಳ್ತಾಳ. ಅಕಿ ಹೇಲು ಬಳಿಯಾಕಿ ನಾನು!"

ಹೊಳೆವ್ವ ಬಾಯಿ ತೆರೆದು ನೋಡಿದಳು. ಸತ್ತೆವ್ವ ತನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆಂದು ಆಕೆಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮಾಳಸಿದ್ದ ನಡುವೆ ಬಾಯಿ ಹಾಕಿದ. "ಅದೆಲ್ಲಾ ಖರೆ. ನೀ ಹ್ವಾದ್ರ ಅವ್ವನ್ನ ಯಾರ ನೋಡ್ತಾರ?"

"ನಿಮ್ಮವ್ವ. ನೀವ ನೋಡ್ರಿ."

"ಗಣಮಗಾ ನಾ, ಅದೆಂಗ ಆಕ್ಕೈತಿ?"

"ಕುರಿ ಈದ್ರ ನೀವ ಕೈ ಹಾಕಿ ಮರಿ ಎಳೀತೀರಿ. ಅವ್ವಗ ಒಂದ ವಾಟಿ ಗಂಜಿ ಕುಡಿಸಾಕ ಆಗಾಂಗಿಲ್ಲಾ?"

ಮೂಲೆಯ ಹಾಸಿಗೆಯಿಂದ ಲಗಮವ್ವ ಒಂದೇ ಕಡೆಯ ಬಾಯಿಂದ ಏನೋ ಅಂದಳು. ಸತ್ತೆವ್ವ ಹೋಗಿ ಕಿವಿ ಕೊಟ್ಟಳು. ಅತ್ತೆಯ ಆ ಮಾತು ತಿಳಿಯುತ್ತಿದ್ದುದು ಆಕೆಯೊಬ್ಬಳಿಗೇ. ಎದ್ದು ನಿಂತಾಗ ಕಣ್ಣು ಒದ್ದೆಯಾಗಿದ್ದವು.

"ಹೋಗು ಅಂತಾಳ. ಆದ್ರ ಸೀರಿ ಬದಲಿಸಾಕ ಒಬ್ಬ ಹೆಣಮಗಳು ಬೇಕಂತಾಳ."

ಬೇಡಿಕೆ ಸಣ್ಣದಲ್ಲ. ಎರಡು ದಿನ ಮನೆಯಲ್ಲಿ ಅದೇ ಮಾತು. ಕೊನೆಗೆ ಪಕ್ಕದ ಮನೆಯ ಕಾಳವ್ವ ಒಪ್ಪಿದಳು. ಗಂಡ ಸತ್ತ ಮೇಲೆ ಕೂಲಿಗೆ ಹೋಗಲು ಮೊಣಕಾಲು ನೋವು ಬಿಡದವಳು. ದಿನಕ್ಕೆರಡು ಸಲ ಬಂದು ಲಗಮವ್ವನನ್ನು ತೊಳೆದು ಸೀರೆ ಬದಲಿಸಬೇಕು, ಇಬ್ಬರೂ ಸೊಸೆಯಂದಿರು ಸೇರಿ ಆಕೆಗೆ ತಿಂಗಳ ಪಗಾರ ಕೊಡಬೇಕು. ಉಳಿದದ್ದೆಲ್ಲ ಅಣ್ಣತಮ್ಮಂದಿರಿಗೆ. ಹೊಳೆವ್ವನ ಗಂಡ ಅಪ್ಪಾಸಾಬ ಮೊದಲ ದಿನ ಗಂಜಿಯನ್ನು ಅವ್ವನ ಕುಪ್ಪಸದ ಮೇಲೆಲ್ಲ ಚೆಲ್ಲಿದ. ಮಾಳಸಿದ್ದ ಆಕೆಯನ್ನು ಎತ್ತಿ ಕೂರಿಸುವಾಗ ಮುಖ ಬೇರೆ ಕಡೆ ಮಾಡಿದ್ದ. ಲಗಮವ್ವ ಆಡುತ್ತಿದ್ದ ಒಂದು ಕೈಯಿಂದ ಸೆರಗು ಎಳೆದು ಕಣ್ಣು ಮುಚ್ಚಿಕೊಂಡಳು. ಕೆಲವು ವಾರ ಕಳೆದ ಮೇಲೆ ಅದೇ ಮಾಳಸಿದ್ದ ಅವ್ವನನ್ನು ಬಿಸಿಲಿಗೆ ಹೊತ್ತು ತಂದು ಕಂಬಳಿಯ ಮೇಲೆ ಕೂರಿಸಿ, ಕುರಿಗಳ ಹೆಸರು ಹೇಳಿ ನಗಿಸುವುದನ್ನು ಓಣಿ ನೋಡಿತು. ಕೆಲವರು ಆಡಿಕೊಂಡರು.

ಇತ್ತ ಸತ್ತೆವ್ವ ದಿನಾ ಹೊಳೆವ್ವನ ಜೊತೆಯಲ್ಲೇ ಬಸ್ಸು ಹತ್ತುತ್ತಿದ್ದಳು. ಹೊಳೆವ್ವನ ಸಂಕಟ ಕಡಿಮೆಯಾಗಲಿಲ್ಲ, ಹೆಚ್ಚಿತು. ನೆಗೆಣ್ಣಿಗೆ ಈಗ ಪಗಾರವೂ ಇತ್ತು, ಕೂಸೂ ಇತ್ತು, ಧೂಳು ಮಾತ್ರ ಇರಲಿಲ್ಲ. ವಖಾರಿಯ ಹೆಂಗಸರೆಲ್ಲ ಆಕೆಯನ್ನು ಮರ್ಯಾದೆಯಿಂದ "ಬಾಯಿ, ಬಾಯಿ" ಎಂದು ಮಾತಾಡಿಸಿದಾಗ ಹೊಳೆವ್ವ ಮುಖ ತಿರುಗಿಸಿ ನಡೆಯುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸತ್ತೆವ್ವ ಓಣಿಯಲ್ಲೇ ಆಕೆಯನ್ನು ತಡೆದಳು. ಕಂಕುಳಲ್ಲಿ ಒಂದು ಕೂಸು, ಕಾಲಿಗೆ ಜೋತುಬಿದ್ದ ಇನ್ನೊಂದು.

"ನಾಳಿಂದ ಭೀಮೀಗಿ ಮಧ್ಯಾಹ್ನದ ಊಟಾ ನೀ ಮಾಡಿಸು."

"ನನ್ನ ಕಡೆ ಅಕಿ ಉಣ್ಣಾಂಗಿಲ್ಲಂತ ಗೊತ್ತಿದ್ದೂ ಹೇಳ್ತೀರಿ? ಮಂದೀ ಮುಂದ ನನ್ನ ಅಳಿಸಬೇಕಂತ?"

"ಇಲ್ಲಿ ಓಣಿ ತುಂಬ ಕೂಸು ಅದಾವ. ನಿನ್ನ ಮಗಳೊಬ್ಬಾಕೀನ್ನ ತೊಡಿಮ್ಯಾಲ ಹಾಕ್ಕೊಂಡು ಕೂಡಾಕ ನನಗ ವ್ಯಾಳೆ ಎಲ್ಲೈತಿ? ಹಳೇ ಸೀರಿ ಒಂದ ತಂದಿಡು. ಘಾಟು ಹೋಗೂವಂಗ ಕೈ ಮಾರಿ ತೊಳಕೊಂಡು, ಸೀರಿ ಬದಲಿಸಿ ಬಾ."

ಹೊಳೆವ್ವ ಸಿಟ್ಟಿನಿಂದಲೇ ಹಾಗೆ ಮಾಡಿದಳು. ತೋಳು ಕೆಂಪಾಗುವ ತನಕ ಸಾಬೂನು ತಿಕ್ಕಿದಳು. ಭೀಮಿ ಬಾಯಿ ಬಿಗಿದು ಕುಳಿತಳು. ಮರುದಿನ ಅರ್ಧ ತುತ್ತು ತಿಂದು ಉಗುಳಿದಳು. ಪ್ರತಿ ಸಲ ಆಕೆಯ ಕಣ್ಣು ಸತ್ತೆವ್ವನ ಕಡೆಗೆ. ಆದರೆ ಸತ್ತೆವ್ವನ ತೊಡೆಯ ಮೇಲೆ ಯಾವಾಗಲೂ ಬೇರೆ ಯಾರಾದರೂ ಇರುತ್ತಿದ್ದರು: ಮೂಗು ಸುರಿಸುವ ಒಬ್ಬ, ಹಲ್ಲು ಬರುತ್ತಿದ್ದ ಇನ್ನೊಬ್ಬಳು. ಭೀಮಿ ಹೋಗಿ ಅವರನ್ನು ದೂಡಿದಳು, ಒಬ್ಬನ ಕೂದಲು ಎಳೆದಳು. ಸತ್ತೆವ್ವ ಗದರಿದಳು. ಹುಟ್ಟಿದಾಗಿನಿಂದ ಮೊದಲ ಸಲ.

ಕೂಸು ತುಟಿ ಉಬ್ಬಿಸಿ ನಿಂತಿತು. ಆಮೇಲೆ ತಿರುಗಿ ಬಂದು, ಹೇಳದೆ ಕೇಳದೆ ಹೊಳೆವ್ವನ ತೊಡೆ ಏರಿ, ಬಾಯಿ ತೆರೆಯಿತು.

ಹೊಳೆವ್ವ ತುತ್ತು ಬಾಯಿಗಿಟ್ಟಳು. ಇನ್ನೊಂದು ಕಲಸಿದಳು. ಅಷ್ಟರಲ್ಲಿ ಬೇರೊಂದು ಕೂಸು ಅದೇ ತೊಡೆಗೆ ಕೈಯೂರಿತು. ಭೀಮಿ ಅದರ ಕೈ ಕಿತ್ತು ಹಾಕಿ ಕಿರುಚಿದಳು: "ಸರಿ ಅತ್ತಾಗ! ಇಕಿ ನಂದು!"

ಸುತ್ತಲಿದ್ದವರು ನಕ್ಕರು. ಹೊಳೆವ್ವ ತಲೆ ಎತ್ತಿ ನೋಡಿದಳು. ಸತ್ತೆವ್ವ ನಗುತ್ತಿರಲಿಲ್ಲ. ತೊಡೆಯ ಮೇಲಿನ ಕೂಸನ್ನು ತಟ್ಟುತ್ತಿದ್ದ ಕೈ ನಿಂತಿತ್ತು, ಕಣ್ಣು ಭೀಮಿಯ ಮೇಲೆ ನೆಟ್ಟಿದ್ದವು. ಇಷ್ಟು ದಿನ ತನ್ನ ಮುಖ ಹೇಗಿತ್ತೆಂದು ಹೊಳೆವ್ವನಿಗೆ ಆ ಮುಖದಲ್ಲಿ ಕಂಡಿತು. ಗೆದ್ದೆನೆಂದು ಹಿಗ್ಗಬೇಕೆಂದುಕೊಂಡಳು, ಆಗಲಿಲ್ಲ.

"ಅಕ್ಕಾ, ನೀವೂ ಉಂಡಿಲ್ಲ. ಆ ಕೂಸಿನ್ನ ಇಲ್ಲಿ ಕೊಡ್ರಿ. ಎರಡು ತುತ್ತು ತಿನ್ರಿ" ಎಂದಳು.

ಸತ್ತೆವ್ವ ಕೂಸನ್ನು ಆಕೆಯ ಕೈಗೆ ಕೊಟ್ಟು ಡಬ್ಬಿ ಬಿಚ್ಚಿದಳು.

ಲಗಮವ್ವ ಮುಂದಿನ ಮಳೆಗಾಲ ಕಳೆಯುವ ತನಕ ಬದುಕಿದ್ದಳು. ಆಕೆ ತೀರಿದಾಗ ಮಾಳಸಿದ್ದ ಸಣ್ಣ ಹುಡುಗನಂತೆ ಅತ್ತ. ಆಮೇಲೆ ಭೋಜದಲ್ಲೇ ಒಂದು ಪಾಳಣಾಘರ ತೆರೆದಾಗ ಸಂಘದವರು ಅದನ್ನು ಸತ್ತೆವ್ವನಿಗೆ ಒಪ್ಪಿಸಿದರು, ಆಕೆಯ ಕೈಕೆಳಗೆ ಕಾಳವ್ವನೂ ಸೇರಿಕೊಂಡಳು. ನೆಗೆಣ್ಣಿಯರ ನಡುವೆ ಜಗಳ ನಿಂತುಹೋಯಿತೆಂದೇನೂ ಅಲ್ಲ. ಬೇರೆಯವರ ಕೂಸುಗಳು ಸತ್ತೆವ್ವನ ಬೆನ್ನು ಹತ್ತಿ ಮನೆತನಕ ಬಂದರೆ ಹೊಳೆವ್ವ ಆಗಲೂ ಗೊಣಗುತ್ತಿದ್ದಳು; ಹೊಳೆವ್ವನಿಗೆ ವಖಾರಿಯಲ್ಲಿ ಪಗಾರ ಏರಿದ ದಿನ ಸತ್ತೆವ್ವ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಹೊಳೆವ್ವ ತಾನೇ ಉಪ್ಪು ಉದುರಿಸಿಕೊಂಡು, ಏನೂ ಅನ್ನದೆ ಉಂಡೆದ್ದಳು.